ವಾಯ್ಡ್ ಡೆಕ್ಕಿನ ಕೌಗರ್ಲ್‌ಗಳು

ಇವತ್ತು ಬೆಳಿಗ್ಗೆ ಸ್ಟೋರ್ ರೂಮಿನ ಬಾಗಿಲು ತೆಗೆದಾಗ ಬೂಷ್ಟು ಹಿಡಿದ ಚರ್ಮದ ವಾಸನೆ ರಪ್ಪನೆ ಮೂಗಿಗೆ ಹೊಡೆಯಿತು. ಮೂಲೆಯಲ್ಲಿ ನನ್ನ ಕೌಬಾಯ್ ಬೂಟುಗಳು, ಮೊಣಕಾಲಿನವರೆಗೆ ಬರುವಂಥವು, ಮೈತುಂಬ ಹಸಿರು ಹೊದ್ದು ನಿಂತಿದ್ದವು. ಸಿಂಗಪುರದ ಸೆಖೆಯಲ್ಲಿ ಮನುಷ್ಯರಿಗೇ ಬೂಷ್ಟು ಹಿಡಿಯುತ್ತದೆ, ಬೂಟಿನ ಪಾಡೇನು! ಎರಡು ಬೆರಳಲ್ಲಿ ಎತ್ತಿ ಕಸಕ್ಕೆ ಹಾಕಿದೆ. ಬೂಟು ಹೋಯಿತು, ನೆನಪು ಹೋಗಲಿಲ್ಲ. ಅದಕ್ಕೇ ನಿಮ್ಮ ತಲೆ ತಿನ್ನುತ್ತಿದ್ದೇನೆ.

ಹತ್ತು ವರ್ಷದ ಹಿಂದಿನ ಮಾತು. ಜುರಾಂಗ್ ವೆಸ್ಟ್‌ನಲ್ಲಿ ನಮ್ಮದೊಂದು ಕಂಟ್ರಿ ಮ್ಯೂಸಿಕ್ ಬ್ಯಾಂಡ್ ಇತ್ತು. ಮೂವರು ಹೆಂಗಸರು, ಮೂವರೂ ಹೆಂಗಸರನ್ನೇ ಪ್ರೀತಿಸುವವರು. ಆಗ ಇಲ್ಲಿನ ಕಾನೂನು ಇಂಥ ವಿಷಯದಲ್ಲಿ ಗಂಡಸರನ್ನು ಮಾತ್ರ ಗದರಿಸುತ್ತಿತ್ತು. ಹೆಂಗಸರೂ ಹೀಗಿರಬಹುದೆಂದು ಅದನ್ನು ಬರೆದ ಮಹಾನುಭಾವರಿಗೆ ಹೊಳೆದೇ ಇರಲಿಲ್ಲವೋ ಏನೋ. ಅದನ್ನು ಅದೃಷ್ಟವೆನ್ನಬೇಕೋ ಅವಮಾನವೆನ್ನಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಹಾಡುವುದು, ಗಿಟಾರ್ ನುಡಿಸುವುದು ಉಡುಪಿಯ ಶಾಲಿನಿ. ಬ್ಯಾಂಜೋ ಹುಯಿಮಿನ್‌ದು. ಇದೇ ಊರಿನ ಹುಡುಗಿ, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದಳು. ಕುದುರೆ ಸವಾರಿಗೆ ನಾವು ಅತ್ಯಂತ ಸಮೀಪ ಹೋದದ್ದು ಅಷ್ಟೇ. ಪಿಟೀಲು ನಾನು. ಮೈಸೂರಿನಲ್ಲಿ ಹನ್ನೆರಡು ವರ್ಷ ವರ್ಣ, ಕೀರ್ತನೆ ಕಲಿತು, ಇಲ್ಲಿ ಬಂದು ಹಗಲು ಸಾಫ್ಟ್‌ವೇರ್ ಪರೀಕ್ಷಿಸುತ್ತ, ಸಂಜೆ ಅಮೆರಿಕದ ದನಗಾಹಿಗಳ ದುಃಖಕ್ಕೆ ಗಮಕ ಹಾಕುತ್ತಿದ್ದೆ. ಆ ಹಾಡುಗಳಲ್ಲಿ ಗಂಡಸೊಬ್ಬ ತನ್ನ ಲಾರಿ, ನಾಯಿ, ಹೆಂಡತಿ ಮೂರನ್ನೂ ಕಳೆದುಕೊಂಡು ಅಳುತ್ತಾನೆ. ಈ ಊರಲ್ಲಿ ಲಾರಿ ಕೊಳ್ಳುವ ತಾಕತ್ತು ನಮಗಿರಲಿಲ್ಲ, ನಾಯಿ ಸಾಕಲು ಮನೆ ಮಾಲೀಕ ಒಪ್ಪುತ್ತಿರಲಿಲ್ಲ. ಹೆಂಡತಿಯ ವಿಷಯ ಕೇಳಲೇಬೇಡಿ. ಕಳೆದುಕೊಳ್ಳಲು ಏನೂ ಇಲ್ಲದೆಯೇ ಅಷ್ಟು ಚೆನ್ನಾಗಿ ಅಳುತ್ತಿದ್ದೆವಲ್ಲ, ಅದು ಕಲೆ!

ಅಭ್ಯಾಸ ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟ ಜಾಗದಲ್ಲಿ. ಪಕ್ಕದ ಕಲ್ಲುಬೆಂಚಿನಲ್ಲಿ ಚೆಸ್ ಆಡುವ ಅಂಕಲ್‌ಗಳು ನಾವು ಶುರು ಮಾಡಿದೊಡನೆ ಎದ್ದು ಮುಂದಿನ ಬ್ಲಾಕಿಗೆ ಹೋಗುತ್ತಿದ್ದರು. "ನೋ ಹಾರ್ಸ್, ನೋ ಆಡಿಯನ್ಸ್. ವಾಟ್ ಕೌಗರ್ಲ್ ಲಾ!" ಎಂದು ಹುಯಿಮಿನ್ ನಗುತ್ತಿದ್ದಳು.

ಶಾಲಿನಿ ಮತ್ತು ನಾನು ಒಂದೇ ಮನೆಯಲ್ಲಿದ್ದೆವು. ಒಟ್ಟಿಗೆ ಬದುಕುತ್ತಿದ್ದೆವು ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಯಾರಾದರೂ ಕೇಳಿದರೆ ನನ್ನ ಬಾಯಿಂದ "ರೂಮ್‌ಮೇಟ್" ಎಂಬ ಪದ ಪಿಟೀಲಿನ ತಂತಿಗಿಂತ ಬಿಗಿಯಾಗಿ ಹೊರಡುತ್ತಿತ್ತು. ಅವಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. 

ಆ ವರ್ಷ ನಮ್ಮ ಕಡೆಯ ಇಪ್ಪತ್ತು ಸಂಸಾರಗಳು ಒಂದು ಕಾಂಡೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಯುಗಾದಿ ಊಟ ಇಟ್ಟುಕೊಂಡವು. ಉಸ್ತುವಾರಿ ವಸಂತಿ ಆಂಟಿಯದು. ಪರಿಚಯವಾದ ಐದನೇ ನಿಮಿಷಕ್ಕೆ ವರನ ಫೋಟೋ ತೋರಿಸುವಂಥ ಉತ್ಸಾಹಿ. "ಏನಾದ್ರೂ ಡಿಫರೆಂಟ್ ಆಗಿ ಮಾಡಿ ಪುಟ್ಟಾ, ಪ್ರತೀ ವರ್ಷ ಅದೇ ಡ್ಯಾನ್ಸ್ ನೋಡಿ ಬೋರ್ ಆಗಿದೆ" ಎಂದು ಕರೆದರು. ಶಾಲಿನಿ ಹಿಗ್ಗಿ ಕನ್ನಡದಲ್ಲೇ ಒಂದು ಕಂಟ್ರಿ ಹಾಡು ಕಟ್ಟಿದಳು. ಒಬ್ಬಳು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಾಳೆ. "ಬಸ್ಸು ಬಂತು, ಬಸ್ಸು ಹೋಯ್ತು, ಅವಳು ಬರಲೇ ಇಲ್ಲ." ಸರಳ ಹಾಡು. ಅದೇ ಹೊತ್ತಿಗೆ ನನ್ನ ಅಮ್ಮ ಮೈಸೂರಿನಿಂದ ಬಂದಿದ್ದಳು, ಊಟಕ್ಕೂ ಬರುವವಳಿದ್ದಳು.

ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಿಸಲು ಸಾಹಿತ್ಯ ಕಳಿಸಿ ಎಂದು ಆಂಟಿ ಮೆಸೇಜ್ ಮಾಡಿದರು. ನಾನು ಟೈಪ್ ಮಾಡಿದೆ. "ಅವಳು" ಇದ್ದಲ್ಲೆಲ್ಲ "ಅವನು" ಎಂದು ಮಾಡಿದೆ. ಯಾರೂ ಹೇಳಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ಇಂಥ ಕೆಲಸಕ್ಕೆ ನನಗೆ ಹೊರಗಿನವರ ನೆರವು ಬೇಕಾಗುತ್ತಿರಲಿಲ್ಲ.

ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮೊದಲು ಶಾಲಿನಿಯ ಕೈಗೆ ಆ ಹಾಳೆ ಸಿಕ್ಕಿತು.

"ಇದೆಂಥದು ಮಾರಾಯ್ತಿ? ಯಾರು ಬದಲು ಮಾಡಿದ್ದು?"

"ಆಂಟಿ ಪ್ರಿಂಟ್ ಮಾಡಿಸುವಾಗ ಏನೋ ಮಿಸ್ಟೇಕ್ ಆಗಿರ್ಬೇಕು."

ಅವಳು ಸೀದಾ ಆಂಟಿಯ ಬಳಿ ಹೋದಳು. ಬಿಸಿಬೇಳೆಬಾತಿನ ಪಾತ್ರೆಗೆ ಸೌಟು ಹಾಕುತ್ತಿದ್ದ ಆಂಟಿ, "ಇಲ್ವಲ್ಲಮ್ಮ, ನಿನ್ ರೂಮ್‌ಮೇಟ್ ಕಳಿಸಿದ್ದನ್ನ ಹಾಗೇ ಕಾಪಿ ಪೇಸ್ಟ್ ಮಾಡ್ದೆ" ಎಂದರು. ಶಾಲಿನಿ ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಟೋಪಿ ಹಾಕಿಕೊಂಡು ಮೈಕಿನ ಮುಂದೆ ನಿಂತಳು.

"ಅವಳು" ಎಂದೇ ಹಾಡಿದಳು, ಒಂದೊಂದು ಅಕ್ಷರವೂ ಕೇಳುವಂತೆ. ನನ್ನ ಕಮಾನು ತಂತಿಯ ಮೇಲೆ ನಿಂತುಬಿಟ್ಟಿತು. ಮೂರನೇ ಸಾಲಿನ ಕುರ್ಚಿಯಲ್ಲಿ ಅಮ್ಮ. ಆಕಾಶ ಕಳಚಿ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಆ ಹೊತ್ತಿಗೆ ಹಪ್ಪಳ ಬಂದಿತ್ತು. ಅರ್ಧ ಸಭೆ ತಟ್ಟೆ ಹಿಡಿದು ಸಾಲಿನಲ್ಲಿತ್ತು, ಉಳಿದರ್ಧ ಮಕ್ಕಳನ್ನು ಹುಡುಕುತ್ತಿತ್ತು. ಇಡೀ ಹಾಲ್‌ನಲ್ಲಿ ಆ ಒಂದು ಪದಕ್ಕೆ ಬೆಚ್ಚಿದವಳು ಅದನ್ನು ದಿನವೂ ಬದುಕುತ್ತಿದ್ದ ನಾನೊಬ್ಬಳೇ. ಪಿಟೀಲಿಲ್ಲದೆ ಅವರಿಬ್ಬರೇ ಹಾಡು ಮುಗಿಸಿದರು. "ಫ್ಯೂಶನ್ ಸೂಪರ್!" ಎಂದು ವಸಂತಿ ಆಂಟಿ ಚಪ್ಪಾಳೆ ತಟ್ಟಿದರು.

ಮುಂದಿನ ತಿಂಗಳು, ಅಮ್ಮ ಮೈಸೂರಿಗೆ ಮರಳಿದ ಮೇಲೆ, ಶಾಲಿನಿ ಪಾಸಿರ್ ರಿಸ್‌ಗೆ ಶಿಫ್ಟ್ ಆದಳು. ಜುರಾಂಗ್‌ನಿಂದ ಪಾಸಿರ್ ರಿಸ್ ಎಂದರೆ ದ್ವೀಪದ ಈ ತುದಿಯಿಂದ ಆ ತುದಿ. ಇನ್ನೂ ದೂರ ಹೋಗಬೇಕೆಂದರೆ ಸಮುದ್ರಕ್ಕೇ ಇಳಿಯಬೇಕು. ಹೋಗುವಾಗ ಹೇಳಿದಳು: "ಆಂಟಿ ಹೇಳಿದ್ರಿಂದ ನೀನು ಬದಲು ಮಾಡಿದ್ದಾಗಿದ್ರೆ ನಂಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ." ಅಷ್ಟರಲ್ಲಿ ಲಿಫ್ಟ್ ಬಂತು. ಹುಯಿಮಿನ್ ಕೊನೆಯ ಪೆಟ್ಟಿಗೆಯನ್ನು ಎತ್ತಿಕೊಂಡು ನನ್ನ ಭುಜ ತಟ್ಟಿ, "ಯು ಆಹ್, ವೆರಿ ಗುಡ್ ಫಿಡ್ಲರ್. ವೆರಿ ಲೌಸಿ ಕೌಗರ್ಲ್" ಎಂದಳು. ಅವರಿಬ್ಬರೂ ಇನ್ನೂ ಒಟ್ಟಿಗೆ ಹಾಡುತ್ತಾರಂತೆ. ಪಿಟೀಲಿಗೆ ಯಾರನ್ನೂ ಹಾಕಿಕೊಂಡಿಲ್ಲವಂತೆ. ಅದನ್ನು ನನ್ನ ಮೇಲಿನ ಗೌರವವೆಂದು ಬಹಳ ದಿನ ತಿಳಿದಿದ್ದೆ. ಪಿಟೀಲು ಬೇಕೆನಿಸಲಿಲ್ಲ, ಅಷ್ಟೇ ಇರಬೇಕು.

ಇಷ್ಟು ಬರೆಯುವ ಹೊತ್ತಿಗೆ ಅಮ್ಮನ ಫೋನ್ ಬಂತು. ತಿಂಡಿ, ಮಂಡಿನೋವು, ಪಕ್ಕದ ಮನೆಯ ಬಣ್ಣ ಎಲ್ಲ ಮುಗಿದ ಮೇಲೆ, ಏನಾಯಿತೋ, ನಾನು ಹೇಳಿಬಿಟ್ಟೆ. "ಅಮ್ಮ, ಶಾಲಿನಿ ನನ್ನ ರೂಮ್‌ಮೇಟ್ ಆಗಿರ್ಲಿಲ್ಲ."

"ಗೊತ್ತು ಕಣೇ. ಅವತ್ತು ಯುಗಾದಿ ಊಟದ ಕ್ಯೂನಲ್ಲಿ ಅವಳೇ ಹೇಳಿದ್ಲು. ನೀನು ಯಾವತ್ತು ಹೇಳ್ತೀಯೋ ಅಂತ ಕಾಯ್ತಿದ್ದೆ."

ನನಗೆ ಕುಳಿತುಕೊಳ್ಳಬೇಕೆನಿಸಿತು. ಕುಳಿತೇ ಇದ್ದೆನೆಂದು ಆಮೇಲೆ ಗೊತ್ತಾಯಿತು. "ಆಗಲೇ ನಾನೇ ಹೇಳಿದ್ದಿದ್ರೆ ಏನ್ ಮಾಡ್ತಿದ್ದೆ?"

ಅಮ್ಮ ಸುಳ್ಳು ಹೇಳುವ ಪೈಕಿಯವಳಲ್ಲ. ಯೋಚಿಸಿಯೇ ಹೇಳಿದಳು.

"ಅಳ್ತಿದ್ದೆ. ಎರಡು ದಿನ ಊಟ ಬಿಡ್ತಿದ್ದೆ. ಮೂರನೇ ದಿನ ಹಸಿವಾಗ್ತಿತ್ತು."