ಹಾರವಾಡಕ್ಕೆ ಹೊರಟ ಹಾಯಿದೋಣಿ

ಬಿಣಗಾ ದಾಟಿ ಹೈವೇ ನೆಟ್ಟಗಾದ ಕೂಡಲೇ ನಮ್ಮ ಕಾರಿಗೆ ಬಾಲ ಬಂತು.

ಬಾಲವೆಂದರೆ ಟ್ರೇಲರ್. ಅದರ ಮೇಲೆ ನಮ್ಮ ಯಜಮಾನರ ಪುಟ್ಟ ಹಾಯಿದೋಣಿ. ಕಾರವಾರದ ಮನೆಯಿಂದ ಸಂಭಾವಿತನ ಹಾಗೆ ಹಿಂದೆ ಬಂದದ್ದು, ಸ್ವಲ್ಪ ವೇಗ ಸಿಕ್ಕಿದ್ದೇ ತಡ, ಆಚೆಗೊಮ್ಮೆ ಈಚೆಗೊಮ್ಮೆ ಬೀಸತೊಡಗಿತು. ಎಮ್ಮೆ ನೊಣ ಓಡಿಸುತ್ತದಲ್ಲ, ಹಾಗೆ! ಇವರು ಆಕ್ಸಿಲರೇಟರ್ ಬಿಟ್ಟು, ಮೆಲ್ಲಗೆ ಬದಿಗೆ ನಿಲ್ಲಿಸಿದರು.

ಹೊರಟಿದ್ದು ಹಾರವಾಡಕ್ಕೆ, ಇವರ ಅಕ್ಕನ ಮನೆಗೆ. ಅಕ್ಕನಿಗೆ ಅರವತ್ತು ದಾಟಿದೆ. ಅಂಗಳದಿಂದಲೇ ಸಮುದ್ರ ಕಾಣುತ್ತದೆ, ಆದರೆ ಒಂದು ದಿನವೂ ದೋಣಿ ಹತ್ತಿದವರಲ್ಲ. "ನಾ ಕೂತ್ರೆ ಮುಳುಗೂದೇ ಸೈ ಮಾರಾಯ್ತಿ" ಎಂದು ತಾವೇ ನಗುತ್ತಾರೆ, ನಾವೂ ನಗುತ್ತೇವೆ. (ಅಕ್ಕ ಸ್ವಲ್ಪ ದಪ್ಪ. ಬೇರೆಯವರು ಹೇಳುವ ಮೊದಲು ಅವರೇ ಹೇಳಿಬಿಡುತ್ತಾರೆ.) ಅಂಥವರು ಮೊನ್ನೆ ಫೋನಿನಲ್ಲಿ ದನಿ ತಗ್ಗಿಸಿ ಕೇಳಿದ್ದರು: "ತಮ್ಮಾ, ನಿನ್ ದೋಣಿಲಿ ನಂಗೊಂದ್ಸಲ ಕೂರೂಕೆ ಆಗ್ತದಾ?"

ಆ ಭಾನುವಾರವೇ ಹೊರಟೆವು.

ಆದರೆ ನೆಂಟರೂರಿಗೆ ಹೊರಟ ಗಾಡಿ ಖಾಲಿ ಹೋಗುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ನಮ್ಮ ಅತ್ತೆಯ ಲೆಕ್ಕದಲ್ಲಿ ದೋಣಿಯೂ ಗಾಡಿಯೇ. ಮಗಳಿಗೆಂದು ಕುಚಲಕ್ಕಿ ಮೂಟೆ ಬಂತು. ಹಲಸಿನಕಾಯಿ ಬಂತು. ನಾನೂ ತೆಂಗಿನಕಾಯಿ ಚೀಲ ಇಟ್ಟೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದಲೇ, "ವೈನೀ, ಹ್ಯಾಂಗೂ ಹೋಗ್ತದಲ್ಲ, ಹಾರವಾಡದಲ್ಲಿ ನನ್ ತಂಗಿಗೊಂದು ಒರಳು ಕೊಟ್ಬಿಡಿ" ಅಂದಳು.

ಒರಳು! ಕಲ್ಲಿನದು!

ಎಲ್ಲವೂ ದೋಣಿಯ ಹಿಂತುದಿಗೇ ಹೋಯಿತು. ಎತ್ತಿಡಲು ಅಲ್ಲಿ ಸುಲಭ ನೋಡಿ. ಇವರದು ಇನ್ನೊಂದು ಕರುಣೆ. ಮುಂದೆ ಭಾರ ಬಿದ್ದರೆ ಕಾರಿಗೆ ಕಷ್ಟ ಎಂದು ದೋಣಿಯನ್ನೇ ಟ್ರೇಲರ್ ಮೇಲೆ ಒಂದಿಷ್ಟು ಹಿಂದೆ ಸರಿಸಿದ್ದರು.

ಈಗ ರಸ್ತೆಬದಿಯಲ್ಲಿ ಹಗ್ಗ ಬಿಗಿದರು. ಟೈರು ಒದ್ದು ನೋಡಿದರು. ನಾನು ಸುತ್ತು ಹಾಕಿದೆ. ಅಷ್ಟು ದೊಡ್ಡ ಹೊರೆ ಎಳೆಯುವ ಕಾರಿನ ಹಿಂಭಾಗ ತಗ್ಗಿರಲೇ ಇಲ್ಲ, ಎದ್ದು ನಿಂತಿತ್ತು.

"ಹೊರೆ ಹಿಂದೆ ವಾಲಿದೆ. ಮುಂದೆ ತನ್ನಿ."

"ನಿಂಗೆ ಟ್ರೇಲರ್ ಬಗ್ಗೆ ಎಂತಾ ಗೊತ್ತೇ?"

"ಟ್ರೇಲರ್ ಗೊತ್ತಿಲ್ಲ. ಹುಲ್ಲಿನ ಹೊರೆ ಗೊತ್ತು. ತಲೆ ಮೇಲೆ ಹಿಂದಕ್ಕೆ ವಾಲಿದ್ರೆ ನಾಲ್ಕ್ ಹೆಜ್ಜೆ ನಡೆಯೂಕೆ ಬಿಡೂದಿಲ್ಲ."

ಇವರು ತಲೆ ಕೆರೆದುಕೊಂಡರು. (ಒಪ್ಪಿದ್ದಾರೆ ಎಂದು ಅರ್ಥ.) ಒರಳು ಹಿಂದಿನ ಸೀಟಿಗೆ ಬಂತು, ಅದಕ್ಕೆ ಸೀಟ್ ಬೆಲ್ಟ್ ಹಾಕಿದೆವು. ಅಕ್ಕಿ, ಹಲಸು, ಕಾಯಿ ಎಲ್ಲಾ ಡಿಕ್ಕಿಗೆ. ಟ್ರೇಲರ್‌ನ ರಾಟೆ ತಿರುಗಿಸಿ ದೋಣಿಯನ್ನು ಮುಂದೆ ಎಳೆದು ಬಿಗಿದೆವು. ಕೊಂಡಿ ಬಿಚ್ಚಿ ಟ್ರೇಲರ್‌ನ ಮೂತಿ ಎತ್ತಿ ನೋಡಿದರೆ ಈಗ ಇವರಿಗೆ ಎರಡೂ ಕೈ ಬೇಕಾಯಿತು. ಅಷ್ಟು ಭಾರ ಅಲ್ಲಿ ಇರಲೇಬೇಕಂತೆ. ಕೊಂಡಿ ಸಿಕ್ಕಿಸಿ ಮತ್ತೆ ಹೊರಟರೆ, ಆಹಾ! ಬಾಲ ನೆಟ್ಟಗೆ ಹಿಂದೆ.

ಹಾರವಾಡದ ದಂಡೆಯಲ್ಲಿ ಅಕ್ಕ ಸೀರೆಯ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ನಿಂತರು. ನೀರು ಪಾದಕ್ಕೆ ತಾಗಿದ್ದೇ ಹಿಂದೆ ಸರಿದರು.

"ಬ್ಯಾಡೋ ತಮ್ಮಾ. ನೋಡೂಕೆ ಬಂದೆ ಅಷ್ಟೇ. ನನ್ ಭಾರ ನಿನ್ ದೋಣಿ ತಡೀತದಾ?"

"ಅಕ್ಕಾ, ಗಾಳಿ ಹೊಡೆದ್ರೆ ದೋಣಿ ಆ ಬದಿಗೆ ವಾಲ್ತದೆ. ಈ ಬದಿಗೆ ಭಾರ ಬೇಕೇ ಬೇಕು. ಇವಳು ಕೂತ್ರೆ ಎಂತಕೂ ಸಾಕಾಗೂದಿಲ್ಲ."

(ತೆಳ್ಳಗಿರುವುದು ನನ್ನ ಕೊರತೆಯಾದದ್ದು ಅದೇ ಮೊದಲು.)

"ಸುಳ್ಳ್ ಹೇಳ್ಬ್ಯಾಡ."

"ನಿನ್ನಾಣೆ."

ಅಕ್ಕ ಹತ್ತಿದರು. ದೋಣಿ ಒಮ್ಮೆ ತಗ್ಗಿತು, ಮುಳುಗಲಿಲ್ಲ. ಹಾಯಿ ಉಬ್ಬಿತು, ದೋಣಿ ವಾಲಿತು. ಇವರು ಏನೋ ಕೂಗಿದರು, ಅಕ್ಕ ಎದುರು ಬದಿಯಲ್ಲಿ ಬೆನ್ನು ಹೊರಗೆ ಚಾಚಿ ಕೂತರು. ದೋಣಿ ನೆಟ್ಟಗಾಯಿತು! ದಡದಲ್ಲಿದ್ದ ನನಗೆ ಅವರ ಕೇಕೆ ಕೇಳಿಸಿತು: "ಏ ನೋಡೇ, ದೋಣಿ ನಾ ಹಿಡ್ಕಂಡಿದ್ದೆ!"

ತಿರುಗಿ ಬಂದವರು ಇಳಿಯಲು ಒಪ್ಪಲಿಲ್ಲ. ಇನ್ನೊಂದು ಸುತ್ತು. ಮತ್ತೂ ಒಂದು.

ಇಷ್ಟು ವರ್ಷ ಅಕ್ಕನನ್ನು ದಡದಲ್ಲೇ ಕೂರಿಸಿದ್ದು ಅವರ ತೂಕವೋ, ಅವರ ಜೊತೆ ಸೇರಿ ನಕ್ಕ ನಾವೋ?