ನಾನು ಹತ್ತದ ದೋಣಿ

ಮೂವತ್ತೊಂದು ವರ್ಷ ಕಮಲಾಪುರದ ಶಾಲೆಯಲ್ಲಿ ಭೂಗೋಳ ಕಲಿಸಿದವಳು ನಾನು. ಗೋದಾವರಿ ಎಲ್ಲಿ ಹುಟ್ಟುತ್ತದೆ, ಬ್ರಹ್ಮಪುತ್ರ ಎಲ್ಲಿ ತಿರುಗುತ್ತದೆ, ಭೀಮೆ ಹೋಗಿ ಕೃಷ್ಣೆಯನ್ನು ಎಲ್ಲಿ ಸೇರುತ್ತಾಳೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ನಿವೃತ್ತಳಾಗಿ ನಾಲ್ಕು ವರ್ಷವಾದರೂ ನಾನು ಒಂದು ಸಲವೂ ದೋಣಿಯಲ್ಲಿ ಕುಳಿತಿರಲಿಲ್ಲ. ಬೆಳಿಗ್ಗೆ ಖೂಬಾ ಪ್ಲಾಟ್ ಬಡಾವಣೆಯ ಮನೆಯಿಂದ ಬಸ್ ಸ್ಟ್ಯಾಂಡ್, ಅಲ್ಲಿಂದ ಕಮಲಾಪುರ, ಸಂಜೆ ಅದೇ ಬಸ್ಸಿನಲ್ಲಿ ವಾಪಸ್. ಈ ದಾರಿಯಲ್ಲಿ ದೋಣಿ ಎಲ್ಲಿಂದ ಬರಬೇಕು?

ದೋಣಿ ಹತ್ತದಿರುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾಚಿಕೆಯ ಸಂಗತಿ ಬೇರೆಯದು. ಹತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ನದಿಗಳ ಪಾಠ ನಡೆದಿತ್ತು. ಹೊಸ ಟೀಚರು ಹೇಗೆ ಕಲಿಸುತ್ತಾಳೆಂದು ನೋಡಲು ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತಿದ್ದರು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ನೀವು ದೋಣ್ಯಾಗ ಕುಂತೀರೇನ್ರಿ?" ಎಂದಳು. ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನನ್ನತ್ತ ನೋಡಿದರು. "ಓಹೋ, ಕುಂತೀನಲ್ಲ" ಎಂದುಬಿಟ್ಟೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವಳು "ಹ್ಯಾಂಗ ಇರ್ತದ್ರಿ?" ಎಂದು ಇನ್ನೊಂದು ಕೇಳಿದಳು. ನಾನು ತೊಟ್ಟಿಲು ನೆನೆಸಿಕೊಂಡು ಹೇಳಿದೆ, ನಮ್ಮ ಬಸ್ಸು ನೆನೆಸಿಕೊಂಡು ಹೇಳಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಹೆಡ್‌ಮಾಸ್ಟರು ಹೋಗುವಾಗ "ಅನುಭವದಿಂದ ಕಲಿಸ್ತೀರಿ, ಭೇಷ್" ಎಂದು ಹೊಗಳಿಯೂ ಹೋದರು.

ಮರುವರ್ಷದ ಮಕ್ಕಳು ತಾವಾಗಿಯೇ ಆ ಕಥೆ ಕೇಳಿದರು. ಅದರ ಮರುವರ್ಷವೂ ಕೇಳಿದರು. ನನ್ನ ದೋಣಿಗೆ ಮೊದಲು ಹಾಯಿ ಬಂತು, ಆಮೇಲೆ ಕಿವಿಗೆ ಒಂಟಿ ಹಾಕಿದ ಅಂಬಿಗ ಬಂದ, ಕಡೆಗೆ ಒಂದು ಬಿರುಗಾಳಿಯೂ ಬೀಸಿತು. ಆ ಬಿರುಗಾಳಿಯಲ್ಲಿ ಎಲ್ಲರೂ ಅಳುತ್ತಿದ್ದರೆ ನಾನೊಬ್ಬಳೇ ಧೈರ್ಯವಾಗಿ ದೂರದ ದಂಡೆಯನ್ನು ನೋಡುತ್ತ ಕುಳಿತಿದ್ದೆನಂತೆ. ಹೇಳಿ ಹೇಳಿ ನನಗೇ ಅರ್ಧ ನಂಬಿಕೆ ಬಂದಿತ್ತು.

ಆ ಕಥೆಯನ್ನು ಮಕ್ಕಳಿಗಿಂತ ಹೆಚ್ಚು ಸಲ ಕೇಳಿದವರು ಆಪಾ. ಹಿಂದಿ ಕಲಿಸುತ್ತಿದ್ದರು, ಕಮಲಾಪುರದವರೇ. ಅವರ ತರಗತಿಗೂ ನನ್ನ ತರಗತಿಗೂ ನಡುವೆ ಒಂದು ಪ್ಲೈವುಡ್ ತಟ್ಟಿ ಮಾತ್ರ ಇತ್ತು. ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ; ನಾನು ಅವರನ್ನು ಆಪಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಎನ್ನುತ್ತಾರೆ. ಇಬ್ಬರಲ್ಲಿ ಹಿರಿಯರು ಯಾರೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ, ಆಗುವುದು ಇಬ್ಬರಿಗೂ ಬೇಕಾಗಿಲ್ಲ. ಆಪಾಗೆ ನೀರೆಂದರೆ ಮೊದಲಿನಿಂದಲೂ ಭಯ. ಚಿಕ್ಕವರಿದ್ದಾಗ ಹಳ್ಳ ದಾಟುವಾಗ ಇವರು ಕುಳಿತಿದ್ದ ಎತ್ತಿನ ಬಂಡಿ ಪ್ರವಾಹಕ್ಕೆ ಸಿಕ್ಕು ವಾಲಿತ್ತಂತೆ. ಅಂದಿನಿಂದ ಹಳ್ಳಕ್ಕೆ ಮೊಣಕಾಲುದ್ದ ನೀರು ಬಂದರೂ ಅವರು ಸುತ್ತುದಾರಿ ಹಿಡಿದು ಶಾಲೆಗೆ ಬರುತ್ತಿದ್ದರು.

ಹೋದ ಮಳೆಗಾಲ ಮುಗಿದ ಮೇಲೆ ನಮ್ಮ ಶಾಲೆಯ ನಿವೃತ್ತ ಶಿಕ್ಷಕಿಯರ ಮೊಬೈಲ್ ಗುಂಪಿಗೆ ಗಣಿತದ ಟೀಚರು ಒಂದು ಫೋಟೋ ಹಾಕಿದರು. ಮಾಂಜ್ರಾ ನದಿಯ ಹಿನ್ನೀರು, ಅದರ ಮೇಲೆ ಒಂದು ಲಾಂಚು, ಮೇಲೆ ನೆರಳಿಗೆ ಛಾವಣಿ, ಸಾಲಾಗಿ ಕುರ್ಚಿಗಳು, ಹಿಂದೆ ಹಸಿರು ನಡುಗಡ್ಡೆ. ಹುಮನಾಬಾದ್ ರಸ್ತೆ ಹಿಡಿದು ಜಹೀರಾಬಾದ್ ದಾಟಿದರೆ ಇನ್ನೊಂದು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ನದಿಯಲ್ಲಿ ಎರಡು ತಾಸು ತಿರುಗಾಡಿ ಸಂಜೆಗೆ ಮನೆಗೆ ಬರಬಹುದು. ಆ ಫೋಟೋ ನೋಡಿದ್ದೇ ನನ್ನ ಎದೆ ಡಬಡಬ ಬಡಿದುಕೊಂಡಿತು. "ನಡೀರಿ ಹೋಗೋಣು. ಎಲ್ಲಾ ವ್ಯವಸ್ಥಾ ನಂದು" ಎಂದು ಗುಂಪಿಗೆ ಹಾಕಿ, ಅಟ್ಟದ ಮೇಲಿದ್ದ ಹಳೆಯ ನಕಾಶೆಯನ್ನು ಇಳಿಸಿ ಹಾಲಿನ ನೆಲದ ಮೇಲೆ ಹಾಸಿದೆ.

ದಾರಿಯ ದೂರ ಅಳೆಯಲು ನನ್ನದೊಂದು ಪದ್ಧತಿ. ನಕಾಶೆಯ ರಸ್ತೆಯ ಮೇಲೆ, ಅದರ ತಿರುವುಗಳ ಗುಂಟ, ದಾರ ಹಾಸಿಕೊಂಡು ಹೋಗಿ ಆಮೇಲೆ ದಾರವನ್ನು ನೆಟ್ಟಗೆ ಮಾಡಿ ಸ್ಕೇಲಿಗೆ ಹಿಡಿಯುವುದು. ಮಕ್ಕಳಿಗೆ ಹಾಗೆಯೇ ಕಲಿಸಿದ್ದೆ. ನಮ್ಮ ಮನೆಯವರು ಸೋಫಾದ ಮೇಲೆ ಕುಳಿತು ನೋಡಿ ನೋಡಿ, "ಫೋನಿನ್ಯಾಗ ಒತ್ತಿದ್ರ ಎರಡು ಸೆಕೆಂಡಿಗೆ ಬರ್ತದಲ್ಲಾ" ಎಂದರು.

"ಬರಲಿ. ನನ್ನ ದಾರದಾಗೂ ಬರ್ತದ."

ಬಂತು ಕೂಡ. ಫೋನಿಗೂ ನನ್ನ ದಾರಕ್ಕೂ ವ್ಯತ್ಯಾಸ ಬಹಳ ಕಡಿಮೆ. ಎಷ್ಟು ಕಡಿಮೆ ಎಂದು ನಾನು ಹೇಳುವುದಿಲ್ಲ.

ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಒಬ್ಬರಿಗೆ ಸೋಮವಾರ ಉಪವಾಸ, ಒಬ್ಬರಿಗೆ ಗುರುವಾರ ಮಠ, ಒಬ್ಬರಿಗೆ ಮೊಮ್ಮಗನ ಪರೀಕ್ಷೆ. ಎಲ್ಲವನ್ನೂ ಕಳೆದರೆ ಬುಧವಾರ ಉಳಿಯಿತು. ಬೆಳಿಗ್ಗೆ ಐದೂವರೆಗೆ ಖೂಬಾ ಪ್ಲಾಟ್, ಹನ್ನೊಂದಕ್ಕೆ ಲಾಂಚು. ಕಡಕ್ ರೊಟ್ಟಿ, ಖಾರದ ಶೇಂಗಾ ಹಿಂಡಿ, ಪುಂಡಿ ಪಲ್ಲೆ, ಮೊಸರನ್ನ ಯಾರು ಯಾರು ತರಬೇಕೆಂದು ಬರೆದು ಹಂಚಿದೆ. ಗಣಿತದ ಟೀಚರು ಶೇಂಗಾ ಹೋಳಿಗೆ ಕೇಳದೆಯೇ ಒಪ್ಪಿಕೊಂಡರು. ನದಿಯನ್ನು ಬರಿಗೈಯಲ್ಲಿ ನೋಡಬಾರದೆಂದು ಗಂಗೆಯ ಉಡಿ ತುಂಬಲು ಕುಪ್ಪಸದ ಖಣ, ಹಸಿರು ಬಳೆ, ಅರಿಷಿಣ ಕುಂಕುಮ ಒಂದು ಚೀಲಕ್ಕೆ ಹಾಕಿಟ್ಟೆ. ನನ್ನ ಮದುವೆಗೂ ನಾನು ಇಷ್ಟು ಖುಷಿಯಿಂದ ತಯಾರಾಗಿರಲಿಲ್ಲ. ಇದನ್ನು ಮನೆಯವರ ಎದುರೇ ಹೇಳಿದೆ, ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಆ ವಾರದ ನಡುವೆ ಆಪಾ ಫೋನ್ ಮಾಡಿದರು.

"ಅಕ್ಕಾ, ನಾನೂ ಬರ್ತೀನಿ."

ನನಗೆ ನಂಬಲಾಗಲಿಲ್ಲ. "ಆಪಾ, ನೀವಾ? ನೀರಿಗಾ?"

"ಹೌದ್ರಿ. ನೀರಂದ್ರ ನಂಗ ಜೀವ ಹೋಗ್ತದ, ನಿಮಗ ಗೊತ್ತೇ ಅದ. ಬ್ಯಾರೆ ಯಾರು ಕರದ್ರೂ ಬರ್ತಿದ್ದಿಲ್ಲ. ನೀವು ಬಾಜೂಕ ಇರ್ತೀರಂತ ಬರಾಕತ್ತೀನಿ. ನೀವು ಬಿರುಗಾಳ್ಯಾಗ ಕುಂತು ಬಂದವರು. ತಟ್ಟಿ ಹಿಂದ ಕುಂತು ವರ್ಷಾ ವರ್ಷಾ ಅದೇ ಕಥೀ ಕೇಳೀನಿ. ಸಾಯೋದ್ರೊಳಗ ಒಮ್ಮೆ ನಂಗೂ ಕುಂಡ್ರಬೇಕು ಅನಿಸ್ಯದ."

ಫೋನ್ ಇಟ್ಟ ಮೇಲೆ ನಾನು ನಕಾಶೆಯ ಪಕ್ಕದಲ್ಲೇ ಕುಸಿದು ಕುಳಿತೆ. ನಿಜ ಸಂಗತಿ ಗೊತ್ತಿದ್ದದ್ದು ಮನೆಯವರೊಬ್ಬರಿಗೇ. "ಹೇಳಿಬಿಡು ಅವರಿಗೆ" ಎಂದರು.

"ಹೇಳಿದ್ರ ಅವರು ಬರೂದಿಲ್ಲ."

"ಹೇಳಲಿಲ್ಲಂದ್ರ ಸುಳ್ಳಿನ ಮ್ಯಾಲ ನೀರಿಗಿ ಕರ್ಕೊಂಡು ಹೋಗ್ತಿ. ನಡುನೀರಾಗ ಅವರು ಗಾಬರಿ ಆದ್ರ ನೀ ಏನು ಮಾಡ್ತಿ?"

ಹೇಳಿದರೆ ಆಪಾಗೆ ಅರವತ್ತು ದಾಟಿದ ಮೇಲೆ ಹುಟ್ಟಿದ ಒಂದು ಆಸೆ ಕೈತಪ್ಪುತ್ತದೆ. ಹೇಳದಿದ್ದರೆ ಅವರು ಯಾರ ಧೈರ್ಯ ನಂಬಿ ಬರುತ್ತಿದ್ದಾರೋ ಆ ಹೆಂಗಸೇ ಇಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ.

ಅಷ್ಟರಲ್ಲಿ ಗುಂಪಿನವರೆಲ್ಲ ನನಗೆ ಪ್ರಶ್ನೆ ಕೇಳತೊಡಗಿದ್ದರು. ವಾಂತಿ ಬರ್ತದೇನ್ರಿ? ಸೀರಿ ಚಲೋನೋ, ಡ್ರೆಸ್ ಚಲೋನೋ? ನಡುವ ಕುಂಡ್ರಬೇಕೋ ಬದೀಗೋ? ನಾನು ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ದೋಣಿಯ ವಿಡಿಯೋ ಹುಡುಕಿ ಹುಡುಕಿ ನೋಡಿದೆ. ನೋಡಿದ್ದನ್ನೆಲ್ಲ ನನ್ನ ಅನುಭವವೆಂಬಂತೆ ಗುಂಪಿಗೆ ಹಾಕಿದೆ. ಹಸಿ ಶುಂಠಿ ಬಾಯಲ್ಲಿಟ್ಟುಕೊಳ್ಳಿ, ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ, ನೀರು ನೋಡದೆ ದಂಡೆ ನೋಡಿ. ಪ್ರತಿಯೊಂದಕ್ಕೂ ಆಪಾರಿಂದ ಎರಡು ಕೈ ಮುಗಿದ ಚಿತ್ರ ಬರುತ್ತಿತ್ತು. ಆ ಕೈಗಳನ್ನು ಕಂಡರೆ ನನಗೆ ರೊಟ್ಟಿ ಸುಟ್ಟದ್ದೂ ತಿಳಿಯುತ್ತಿರಲಿಲ್ಲ.

ಬುಧವಾರ ಬಂತು. ಬಾಡಿಗೆ ಗಾಡಿ ಐದೂವರೆಗೆ ಸರಿಯಾಗಿ ಬಂದು ನಿಂತಿತು. ನಾನು ನಾಲ್ಕಕ್ಕೇ ಎದ್ದು ಸೀರೆ ಉಟ್ಟು ಕುಳಿತಿದ್ದೆ. ಗಣಿತದ ಟೀಚರು ಸೇರಿ ಮೂವರು ಗೆಳತಿಯರೂ ನಾನೂ ಹತ್ತಿದೆವು. ಊರು ದಾಟುವ ಹೊತ್ತಿಗೆ ಒಬ್ಬರು ಒಗ್ಗರಣೆ ಮಂಡಕ್ಕಿಯ ಸುಸಲಾ ಡಬ್ಬಿ ತೆಗೆದರು, ಇನ್ನೊಬ್ಬರು ಹಾಡು ಶುರು ಮಾಡಿದರು. ದಿನಾ ಹೋಗಿ ಬಂದ ಅದೇ ರಸ್ತೆ, ಅದೇ ತೊಗರಿ ಹೊಲಗಳು. ಆದರೆ ಅವತ್ತು ಹಾಜರಿ ಪುಸ್ತಕದ ಚಿಂತೆ ಇರಲಿಲ್ಲ, ಬೆಲ್ಲು ಹೊಡೆಯುವ ಭಯ ಇರಲಿಲ್ಲ. ಮೇಲಾಗಿ ಆ ರಸ್ತೆಯ ಕೊನೆಗೆ ಒಂದು ನದಿ ಇತ್ತು. ಕಮಲಾಪುರ ಬಂದಾಗ ನಮ್ಮ ಗದ್ದಲ ಕೇಳಿ ಬಾಳೆಹಣ್ಣಿನ ಬುಟ್ಟಿ ಇಳಿಸುತ್ತಿದ್ದವರು ತಿರುಗಿ ನೋಡಿದರು.

ಆಪಾರನ್ನು ಕರೆಯಲು ನಾನೊಬ್ಬಳೇ ಇಳಿದೆ. ಅವರು ಪಡಸಾಲೆಯಲ್ಲಿ ತಯಾರಾಗಿ ಕುಳಿತಿದ್ದರು. ಹೊಸ ಚಪ್ಪಲಿ, ಹಿಂದೆ ಪಟ್ಟಿ. ಪಕ್ಕದಲ್ಲಿ ಕೆಂಪು ಬಾಳೆಯ ಒಂದು ಗೊನೆಯಷ್ಟು ಹಣ್ಣು. ಬಲಗೈ ರಟ್ಟೆಗೆ ಹಸಿರು ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿಕೊಂಡಿದ್ದರು. ಅದು ಇಮಾಮ್ ಜಾಮಿನ್. ಅವರಲ್ಲಿ ಪ್ರಯಾಣಕ್ಕೆ ಹೊರಟವರ ರಟ್ಟೆಗೆ ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ ಕಟ್ಟುತ್ತಾರೆ. ಸುಖವಾಗಿ ಮರಳಿದ ಮೇಲೆ ಬಿಚ್ಚಿ ಆ ನಾಣ್ಯವನ್ನು ಬಡವರಿಗೆ ಕೊಡುತ್ತಾರೆ. ಆಪಾ ಒಳಗಿನಿಂದ ಇನ್ನೂ ಮೂರು ಪಟ್ಟಿ ತಂದರು.

"ಗಾಡ್ಯಾಗ ಇದ್ದ ಮೂರೂ ಮಂದೀಗಿ ರಾತ್ರಿ ಕುಂತು ಹೊಲದೀನಿ" ಎಂದರು. "ನಿಮಗೊಂದು ಮಾಡಲಿಲ್ಲ ಅಕ್ಕಾ. ಸಿಟ್ಟಿಗೇಳಬ್ಯಾಡ್ರಿ. ನೀವು ಹೋಗಿ ಬಂದವರು, ನಿಮಗೇನು ಭಯ?"

ಅವರ ಮುಖದಲ್ಲಿ ಅಷ್ಟು ನಂಬಿಕೆ ಇತ್ತು. ನಾನು ನನ್ನ ತೋಳು ಮುಂದೆ ಚಾಚಿದೆ.

"ನಂಗೂ ಒಂದು ಕಟ್ಟ್ರಿ ಆಪಾ."

"ಯಾಕ?"

"ನಾನು ಎಂದೂ ದೋಣ್ಯಾಗ ಕುಂತಿಲ್ಲ. ಬಿರುಗಾಳಿ ಸುಳ್ಳು, ಅಂಬಿಗ ಸುಳ್ಳು. ಎಲ್ಲಾ ಸುಳ್ಳು ಹೇಳೀನಿ."

ಆಪಾ ನನ್ನನ್ನೇ ನೋಡಿದರು. ಅವರ ಮುಖ ಕೆಂಪಗಾಯಿತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಬೈಯಲಿಲ್ಲ. "ಇಷ್ಟು ವರ್ಷಾ?" ಎಂದರು. ನಾನು ತಲೆ ತಗ್ಗಿಸಿದೆ. ಅವರು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ಗಾಡಿ ಎರಡು ಸಲ ಹಾರ್ನ್ ಹೊಡೆಯಿತು. ಹೋಗಿ "ಆಪಾ ಬರೂದಿಲ್ಲ" ಎಂದು ಹೇಳಬೇಕು, ಯಾಕೆಂದೂ ಹೇಳಬೇಕು ಎಂದು ಮೆಟ್ಟಿಲಿಳಿಯಲು ತಿರುಗಿದೆ.

"ನಿಲ್ಲ್ರಿ."

ಆಪಾ ಹೊರಗೆ ಬಂದಿದ್ದರು, ಕೈಯಲ್ಲಿ ತಮ್ಮ ಹಳೆಯ ದುಪಟ್ಟಾದ ಅಂಚು ಹರಿದು ಮಾಡಿದ ಪಟ್ಟಿ ಇತ್ತು. ನನ್ನ ರಟ್ಟೆಗೆ ಸುತ್ತಿ, ನೋವಾಗುವಷ್ಟು ಬಿಗಿಯಾಗಿ ಗಂಟು ಹಾಕಿದರು. ಹೋಗಿ ಡ್ರೈವರಿನ ಪಕ್ಕದ ಸೀಟಿನಲ್ಲಿ, ನನ್ನಿಂದ ಆದಷ್ಟು ದೂರ ಕುಳಿತರು.

ಹುಮನಾಬಾದ್ ದಾಟುವವರೆಗೂ ಅವರ ಬೆನ್ನು ನೋಡುತ್ತ ಕುಳಿತೆ. ಗಣಿತದ ಟೀಚರು ನನಗೆ ಹೋಳಿಗೆ ಕೊಡುತ್ತ, "ಲಾಂಚಿನ್ಯಾಗ ಯಾವ ಕಡೆ ಕುಂತ್ರ ಚಲೋ, ಅನುಭವಸ್ಥರು ನೀವು ಹೇಳ್ರಿ" ಎಂದರು. ನನ್ನ ಬಾಯಲ್ಲಿ ಹೋಳಿಗೆ ಹಾಗೇ ನಿಂತಿತು. ಮುಂದಿನ ಸೀಟಿನಿಂದ ಆಪಾ ತಿರುಗದೆಯೇ, "ಅಲ್ಲಿ ಹೋದ ಮ್ಯಾಲ ನೋಡಿದ್ರಾತು. ಅವರಿಗಿ ಸುಮ್ಮನ ತಿನ್ನಾಕ ಬಿಡ್ರಿ" ಎಂದರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಹಿಂಡಿಯ ಖಾರ ಎಂದು ಹೇಳಿ ಕಣ್ಣು ಒರೆಸಿಕೊಂಡೆ. ನಾನು ತಿನ್ನುತ್ತಿದ್ದದ್ದು ಹೋಳಿಗೆ ಎಂಬುದನ್ನು ಯಾರೂ ಗಮನಿಸಲಿಲ್ಲ.

ನದಿ ಕಂಡಾಗ ಎಲ್ಲರೂ ಒಟ್ಟಿಗೆ ಕೂಗಿದೆವು. ಅಷ್ಟು ನೀರನ್ನು ನಾನು ನಕಾಶೆಯ ನೀಲಿಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಬಿಳಿ ಹಕ್ಕಿಗಳು ಸಾಲಾಗಿ ಏಳುತ್ತಿದ್ದವು. ಓಡಬೇಕೆನಿಸಿತು, ಓಡಿಯೇಬಿಟ್ಟೆ, ಚೀಲ ಸಮೇತ. ದಂಡೆಯಲ್ಲಿ ಗಂಗೆಗೆ ಉಡಿ ಸಮರ್ಪಿಸಿ ಕೈ ಮುಗಿದು, ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಸಾಲಿನಲ್ಲಿ ನಿಂತೆ. ಮೂವರು ನಗುತ್ತ ಹತ್ತಿಹೋದರು. ದಂಡೆಗೂ ಲಾಂಚಿಗೂ ನಡುವೆ ಒಂದು ಹಲಗೆ. ಅದರ ಮೇಲೆ ಒಂದು ಕಾಲಿಟ್ಟೆ, ಹಲಗೆ ಅಲುಗಿತು, ಕೆಳಗೆ ನೀರು ಲಬಕ್ ಎಂದಿತು. ನನ್ನ ಎರಡೂ ಮೊಣಕಾಲು ಗಡಗಡ ನಡುಗತೊಡಗಿದವು. ಮುಂದೆ ಹೋಗಲಾಗದು, ಹಿಂದೆ ಬರಲಾಗದು.

ಹಿಂದಿನಿಂದ ಒಂದು ಕೈ ನನ್ನ ರಟ್ಟೆ ಹಿಡಿಯಿತು. ಆಪಾರ ಕೈ. ಅದೂ ತಣ್ಣಗೆ ಬೆವೆತಿತ್ತು.

"ಮುಂಜಾನೆ ಹೇಳಿದ್ದು ಚಲೋ ಆತು ಅಕ್ಕಾ" ಎಂದು ನನ್ನ ಕಿವಿಯ ಹತ್ತಿರ ಹೇಳಿದರು. "ಹೇಳಿರಲಿಲ್ಲಂದ್ರ, ಬಿರುಗಾಳ್ಯಾಗ ಕುಂತವರೇ ಹಿಂಗ ನಡಗಾಕತ್ತಾರಂದ್ರ ಇದು ಖರೇನ ಮುಳುಗೋ ದೋಣಿ ಅಂತ ತಿಳಕೊಂಡು ನಾನು ಇಲ್ಲಿಂದ್ಲೇ ಕಮಲಾಪುರಕ್ಕ ಓಡ್ತಿದ್ದೆ. ಈಗ ಗೊತ್ತಾತು, ತಪ್ಪು ದೋಣೀದಲ್ಲ. ನಡೀರಿ ಮುಂದ."

ನಗು ಬಂತು. ನಕ್ಕಿದ್ದಕ್ಕೆ ಕಾಲು ಸಡಿಲಾದವು, ಎರಡು ಹೆಜ್ಜೆಯಲ್ಲಿ ಹಲಗೆ ಮುಗಿಯಿತು. ನಾವಿಬ್ಬರೂ ನಟ್ಟನಡುವಿನ ಕುರ್ಚಿಗಳಲ್ಲಿ ಒತ್ತಿಕೊಂಡು ಕುಳಿತು ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡೆವು. ಎಂಜಿನ್ ಗುಡುಗಿತು, ದಂಡೆ ಮೆಲ್ಲಗೆ ಹಿಂದೆ ಸರಿಯಿತು. ಮೊದಲ ಹತ್ತು ನಿಮಿಷ ಇಬ್ಬರೂ ಕಣ್ಣು ತೆರೆಯಲಿಲ್ಲ. ಆಮೇಲೆ ಆಪಾ ಹಕ್ಕಿಗಳನ್ನು ನೋಡಬೇಕೆಂದು ಕೈ ಬಿಡಿಸಿಕೊಂಡು ಬದಿಯ ಕಂಬಿಗೆ ಹೋಗಿ ನಿಂತರು. ನಾನು ಅವರ ದುಪಟ್ಟಾದ ತುದಿಯನ್ನು ಮಾತ್ರ ದಂಡೆ ಮುಟ್ಟುವವರೆಗೂ ಬಿಡಲಿಲ್ಲ.