ಎಂಟು ಸ್ಟಾಪಿನ ಇತಿಹಾಸ

ರಾಜೀವಕ್ಕ ಟೀಚರ್ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮಕ್ಕಳ ಶಾಲೆಯೂ ಅದನ್ನು ಅವರಿಗೆ ಬೇಕಾದಷ್ಟು ಸಲ ಹೇಳಿದೆ. ದುಬೈ ಸಿಲಿಕಾನ್ ಓಯಸಿಸ್‌ನಿಂದ ಹೊರಡುವ ಸ್ಕೂಲ್ ಬಸ್ಸಿನಲ್ಲಿ ಅವರು ನ್ಯಾನಿ. ಮಕ್ಕಳನ್ನು ಹತ್ತಿಸಬೇಕು, ಬೆಲ್ಟ್ ಹಾಕಿಸಬೇಕು, ವಾಂತಿ ಮಾಡಿದರೆ ಒರೆಸಬೇಕು, ಎಲ್ಲರೂ ಇಳಿದ ಮೇಲೆ ಯಾವ ಸೀಟಿನಲ್ಲೂ ಯಾರೂ ಮಲಗಿಲ್ಲ ಎಂದು ನೋಡಬೇಕು. ಇದಕ್ಕೆಲ್ಲ ಒಂದು ಹಳದಿ ಜಾಕೆಟ್ ಕೊಟ್ಟಿದ್ದಾರೆ. ಆ ಜಾಕೆಟ್ಟಿನೊಳಗೆ ಮಂಗಳೂರಿನ ಕೊಣಾಜೆ ವಿಶ್ವವಿದ್ಯಾನಿಲಯದಲ್ಲಿ ಓದಿದ ಇತಿಹಾಸದ ಎಂ.ಎ. ಒಂದಿದೆ ಎಂದು ನನಗೆ ತಿಳಿದದ್ದು ನನ್ನ ಮಗ ತರುಣನಿಂದ.

"ಮಮ್ಮಿ, ನಮ್ಮ ಸ್ಟಾಪ್ ಫೋರ್ಟೀನ್ ಫಿಫ್ಟಿ ತ್ರೀ," ಎಂದ ಒಂದು ದಿನ.

ಬಸ್ಸಿಗೆ ಎಂಟು ಸ್ಟಾಪು. ಒಂದೊಂದಕ್ಕೂ ರಾಜೀವಕ್ಕ ಒಂದೊಂದು ಇಸವಿ ಕೊಟ್ಟಿದ್ದರು. ಮೊದಲ ಬಿಲ್ಡಿಂಗಿನ ಹತ್ತಿರ ಸಾವಿರದ ಮುನ್ನೂರ ನಲವತ್ತೇಳು, ಹಡಗಿನಲ್ಲಿ ಪ್ಲೇಗು ಯುರೋಪಿಗೆ ಬಂತು. ಕೂಲಿಯವರು ಸತ್ತರು, ಉಳಿದವರು ಕೂಲಿ ಹೆಚ್ಚು ಕೇಳಿದರು, ಕೇಳಬಾರದು, ಇದ್ದ ಜಾಗ ಬಿಡಬಾರದು ಎಂದು ಇಂಗ್ಲೆಂಡಿನ ರಾಜ ಕಾನೂನು ಮಾಡಿದ. ನಮ್ಮ ಗೇಟಿನಲ್ಲಿ ಕಾನ್‌ಸ್ಟಾಂಟಿನೋಪಲ್ ಬೀಳುತ್ತಿತ್ತು. ಸೂಪರ್‌ಮಾರ್ಕೆಟ್ ಮುಂದೆ ಪೋರ್ಚುಗೀಸರು ಹಡಗಿಳಿದು, ನಮ್ಮ ಸಮುದ್ರದಲ್ಲಿ ಓಡಾಡಲು ನಮ್ಮವರಿಗೇ ಪಾಸು ಮಾಡಿಸಿಕೊಳ್ಳಿ ಎನ್ನುತ್ತಿದ್ದರು. ಆಮೇಲೆ ಲೂಥರ್, ಫ್ರಾನ್ಸಿನ ಕ್ರಾಂತಿ. ಸರಾಯೆವೊದಲ್ಲಿ ಆಸ್ಟ್ರಿಯಾದ ರಾಜಕುಮಾರನ ಕಾರಿನ ಚಾಲಕ ತಪ್ಪು ತಿರುವು ತೆಗೆದುಕೊಂಡ ಎಂದಾಗ ಮಕ್ಕಳೆಲ್ಲ ಡ್ರೈವರ್ ಸಿದ್ದೀಕ್‌ನನ್ನು ನೋಡಿ ನಗುತ್ತಿದ್ದರಂತೆ. ಹಿರೋಶಿಮಾ ದಾಟಿ ಶಾಲೆಯ ಗೇಟು ತೆರೆದರೆ ಅದು ಬರ್ಲಿನ್ ಗೋಡೆ. ಮಕ್ಕಳು ಕೂಗುತ್ತ ಇಳಿಯುತ್ತಿದ್ದರು. ಇತಿಹಾಸವೆಂದರೆ ಮೂಗು ಮುರಿಯುತ್ತಿದ್ದ ತರುಣ ಆ ವರ್ಷ ತರಗತಿಗೇ ಮೊದಲಿಗನಾದ.

ಮೇ ತಿಂಗಳಲ್ಲಿ ಶಾಲೆಯಲ್ಲಿ ಇತಿಹಾಸದ ಅಸಿಸ್ಟೆಂಟ್ ಟೀಚರ್ ಜಾಗ ಖಾಲಿಯಾಯಿತು. ಪ್ರಿನ್ಸಿಪಾಲ್ ಒಮ್ಮೆ ಬಸ್ಸಿನಲ್ಲಿ ಕೂತು ಎಂಟೂ ಸ್ಟಾಪು ಕೇಳಿದ್ದರು. ಜಾಗ ನಿಮಗೇ ಕೊಡಬಹುದು, ಜೂನ್ ಮುಗಿಯುವುದರೊಳಗೆ ಡಿಗ್ರಿಯನ್ನು ಅಟೆಸ್ಟ್ ಮಾಡಿಸಿ ತನ್ನಿ ಎಂದು ರಾಜೀವಕ್ಕನಿಗೆ ಹೇಳಿದರು.

"ನಂಗೆ ನಲ್ವತ್ನಾಲ್ಕು ಆಯ್ತು ಮೇಡಂ," ಎಂದರು ರಾಜೀವಕ್ಕ ನನ್ನ ಹತ್ತಿರ. "ಒಂದು ಸಲ ಬೋರ್ಡಿನ ಎದುರು ನಿಲ್ಬೇಕು ಅಂತ ಉಂಟು. ಮತ್ತೆ ಎಂತದೂ ಬೇಡ."

ಅಟೆಸ್ಟ್ ಎಂದರೆ ಊರಿನಿಂದ ದೆಹಲಿಯವರೆಗೆ ಒಬ್ಬೊಬ್ಬರೂ ಮೂಲ ಸರ್ಟಿಫಿಕೇಟಿನ ಬೆನ್ನಿಗೇ ಸೀಲು ಒತ್ತಬೇಕು. ರಾಜೀವಕ್ಕನ ಸರ್ಟಿಫಿಕೇಟಿಗೆ ಬೆನ್ನೇ ಇರಲಿಲ್ಲ. ಮದುವೆಯಾಗಿ ದುಬೈಗೆ ಬಂದ ವಾರವೇ ಗಂಡ ಕೊರಗಪ್ಪ ಅದನ್ನು ಹಳೆ ಪೇಟೆ ನೈಫ್‌ಗೆ ಒಯ್ದು, ಸರಕಾರಿ ಅರ್ಜಿ ತುಂಬಿಕೊಡುವ ಲಿಯೊನೆಲ್‌ನ ಟೈಪಿಂಗ್ ಸೆಂಟರಿನಲ್ಲಿ ಎರಡೂ ಕಡೆ ಪ್ಲಾಸ್ಟಿಕ್ ಹೊದಿಸಿ ಲ್ಯಾಮಿನೇಟ್ ಮಾಡಿಸಿದ್ದರು. ಗಲ್ಫಿಗೆ ಬಂದ ನಮ್ಮವರಿಗೆ ಇದೊಂದು ಹುಚ್ಚು, ಬೆಲೆಬಾಳುವ ಕಾಗದ ಕಂಡರೆ ಲ್ಯಾಮಿನೇಟ್ ಮಾಡಿಸದೆ ನಿದ್ದೆ ಬರುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಯಾವ ಕಚೇರಿಯೂ ಸೀಲು ಒತ್ತುವುದಿಲ್ಲ.

"ನಂದು ಹತ್ತನೇ ಕ್ಲಾಸೂ ಆಗ್ಲಿಲ್ಲ ಮೇಡಂ," ಎಂದರು ಕೊರಗಪ್ಪ. "ಮನೆಗೆ ಎಂ.ಎ. ಬಂದದ್ದು, ಹಾಳಾಗ್ಬಾರ್ದು ಅಂತ ಮಾಡ್ಸಿದ್ದು."

ಎಸಿ ರಿಪೇರಿಯವರು ಅವರು. ತಮ್ಮ ಹೀಟ್ ಗನ್ ಹಿಡಿದು ಅಂಚಿನಿಂದ ಬಿಸಿ ಮಾಡಿ ಮೆಲ್ಲಗೆ ಎಳೆದರು. ಪ್ಲಾಸ್ಟಿಕ್ ಬಂತು. ಅದರ ಜೊತೆ ಹೆಂಡತಿಯ ಹೆಸರು, ವಿಶ್ವವಿದ್ಯಾನಿಲಯದ ಮುದ್ರೆ, ಕುಲಪತಿಗಳ ಸಹಿ, ಎಲ್ಲವೂ ಎದ್ದು ಬಂದವು. ಆ ಮನುಷ್ಯ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರಂತೆ. ರಾಜೀವಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಕೊರಗಪ್ಪ ಈಗಲೂ ಹೇಳುತ್ತಾರೆ.

ಡೂಪ್ಲಿಕೇಟಿಗೆ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದರು, ಬರಲು ತಿಂಗಳುಗಳೇ ಬೇಕಿತ್ತು. ಹದಿನೈದು ಜನ ಪೋಷಕರು ಪತ್ರ ಬರೆದುಕೊಟ್ಟರೆ ಒಂದು ಟರ್ಮ್ ಜಾಗ ಹಿಡಿದಿಡಲು ಆಡಳಿತವನ್ನು ಒಪ್ಪಿಸುತ್ತೇನೆ ಎಂದರು ಪ್ರಿನ್ಸಿಪಾಲ್. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ವಿಷಯ ಬಂತು. ನಲವತ್ತೊಂದು ಹೆಬ್ಬೆರಳು ಎದ್ದವು. ಪತ್ರ ಬರೆದವರು ನಾಲ್ವರು.

ನಾನು ಬರೆಯಲಿಲ್ಲ. "ಆಕಿ ಟೀಚರ್ ಆದ್ರ ಬಸ್ಸಿನ್ಯಾಗ ನಮ್ಮ ಹುಡುಗನ್ನ ಯಾರ್ ನೋಡ್ಕೋತಾರ, ಮಾಧುರಿ?" ಎಂದರು ನನ್ನ ಗಂಡ, ಮತ್ತು ಅದು ನನಗೆ ನ್ಯಾಯವಾಗಿಯೇ ಕಂಡಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಪ್ಲೇಗಿನ ಕಾಲದ ಆ ರಾಜನೂ ಕೆಟ್ಟವನೇನೂ ಆಗಿರಲಿಕ್ಕಿಲ್ಲ. ಕೆಲಸದವರು ಇದ್ದಲ್ಲೇ ಇದ್ದರೆ ಅವನಿಗೂ ಅನುಕೂಲವಿತ್ತು, ಅಷ್ಟೆ. ರಾಜೀವಕ್ಕ ಆ ನಾಲ್ವರ ಮನೆಗೆ ಕೆಸುವಿನೆಲೆಯ ಪತ್ರೊಡೆ ಮಾಡಿ ಕಳುಹಿಸಿದರು. ನಮ್ಮ ಮನೆಗೆ ಬರಲಿಲ್ಲ.

ಆಗಸ್ಟಿನ ಕೊನೆಗೆ ಹೊಸ ಟೀಚರ್ ಬಂದರು. ತರಗತಿಯ ಗೋಡೆಗೆ ದೊಡ್ಡ ಚಾರ್ಟ್ ಅಂಟಿಸಿದರು: ಒಂದು ಹಳದಿ ಬಸ್ಸು, ಎಂಟು ಸ್ಟಾಪು, ಎಂಟು ಇಸವಿ. ಕೆಳಗೆ ತಮ್ಮದೇ ಹೆಸರು. "ಸರ್, ಇದು ಆಂಟಿದು," ಎಂದನಂತೆ ತರುಣ. "ನೈಸ್," ಎಂದು ಅವರು ಪಾಠ ಮುಂದುವರಿಸಿದರಂತೆ. ಬಸ್ಸಿನಲ್ಲಿ ಈಗ ಯಾರೂ ಇಸವಿ ಹೇಳುವುದಿಲ್ಲ. ಮಕ್ಕಳು ಫೋನ್ ನೋಡುತ್ತಾರೆ.

ಅಕ್ಟೋಬರಿನಲ್ಲಿ ಡೂಪ್ಲಿಕೇಟ್ ಬಂತು. ಅದನ್ನು ಹಿಡಿದು ರಾಜೀವಕ್ಕ ಶಾಲೆಗೆ ಹೋದರು. ಇನ್ನು ಮುಂದೆ ತರಗತಿಯಲ್ಲಿ ಐದು ವರ್ಷ ಕಲಿಸಿದವರಿಗೇ ಕೆಲಸ, ಬಸ್ಸಿನಲ್ಲಿ ಕಲಿಸಿದ್ದು ಲೆಕ್ಕಕ್ಕಿಲ್ಲ ಎಂದರು ಆಡಳಿತದವರು. ಮರುದಿನ ರಾಜೀವಕ್ಕನಿಗೆ ನೈಫ್‌ಗೆ ಹೋಗಲಿದೆ ಎಂದು ಕೇಳಿ, ನಾನೇ ಬಿಡುತ್ತೇನೆ ಎಂದು ಕಾರು ತೆಗೆದೆ. ಅಟೆಸ್ಟ್ ಮಾಡಿಸಿ ಬೇರೆ ಶಾಲೆಗಳಿಗೆ ಅರ್ಜಿ ಹಾಕುತ್ತಾರೆ ಎಂದೇ ಅಂದುಕೊಂಡಿದ್ದೆ. ಮನಸ್ಸು ಸ್ವಲ್ಪ ಹಗುರಾಗಿತ್ತು.

ಲಿಯೊನೆಲ್ ತಲೆ ನರೆತ ಮನುಷ್ಯ. ಸರ್ಟಿಫಿಕೇಟ್ ನೋಡಿ ಕನ್ನಡಕ ತೆಗೆದರು. "ಬೇಡ ಅಕ್ಕ. ಆವಾಗ ನಂಗೂ ಗೊತ್ತಿರ್ಲಿಲ್ಲ. ಪ್ಲಾಸ್ಟಿಕ್ ಹಾಕಿದ್ರೆ ಇದಕ್ಕೆ ಮತ್ತೆ ಯಾರೂ ಸೀಲ್ ಹಾಕುದಿಲ್ಲ."

"ಗೊತ್ತುಂಟು. ಹಾಕಿ. ಎರಡೂ ಕಡೆ."

"ಅಕ್ಕಾ, ಇನ್ನೊಂದು ಶಾಲೆ ನೋಡೋಣ," ಎಂದೆ. ನನ್ನ ದನಿ ಕೇಳಿ ನನಗೇ ಹೇಸಿಗೆಯಾಯಿತು.

ಯಂತ್ರದಿಂದ ಹೊರಬಂದ ಬಿಸಿ ಹಾಳೆಯನ್ನು ಅವರು ಜಾಕೆಟ್ಟಿನ ತೋಳಿನಿಂದ ಒರೆಸಿ ಚೀಲದಲ್ಲಿಟ್ಟುಕೊಂಡರು.

"ಬೇಗ ಹೋಗುವ ಮೇಡಂ," ಎಂದರು. "ಎರಡೂವರೆಗೆ ಬಸ್ ಉಂಟು. ನಿಮ್ಮ ತರುಣನನ್ನು ನೋಡ್ಕೊಳ್ಳುವವರು ಬೇಕಲ್ಲ?"